ಬೆಂಕಿ ಹತ್ತದ ಪ್ಲಾಸ್ಟಿಕ್ ಎಂಬ ಮಾತು

ಪಿವಿಸಿ ಫಾಲ್ಸ್ ಸೀಲಿಂಗ್ ಮಾರುವವರು ಕೊಡುವ ಭರವಸೆಗಳು ಮೂರು: ಗೆದ್ದಲು ಹಿಡಿಯಲ್ಲ, ನೀರಿಗೆ ಕೆಡಲ್ಲ, ಬೆಂಕಿ ಹತ್ತಲ್ಲ. ಮೊದಲೆರಡಕ್ಕೆ ತಕರಾರಿಲ್ಲ. ಮೂರನೆಯದು ಅರ್ಧ ಸತ್ಯ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಜನ ನಂಬುತ್ತಿರಲಿಲ್ಲ. ಶುದ್ಧ ಪಿವಿಸಿಯ ತೂಕದಲ್ಲಿ ಶೇ 57ರಷ್ಟು ಕ್ಲೋರಿನ್ನೇ ಇರುವುದರಿಂದ ಲೈಟರ್ ಹಿಡಿದರೆ ಕಪ್ಪಾಗುತ್ತದೆ, ತೆಗೆದರೆ ಆರುತ್ತದೆ. ಆದರೆ ಹೊತ್ತಿಕೊಂಡ ಕೋಣೆಯಲ್ಲಿ ಲೈಟರ್ ತೆಗೆಯುವವರು ಯಾರು? ಸೋಫಾ, ಪರದೆ ಉರಿದ ಕಾವೆಲ್ಲ ಮೇಲೇರಿ ಸೀಲಿಂಗಿನಡಿ ಮಡುಗಟ್ಟುತ್ತದೆ. ಆ ಕಾವಿಗೆ ಪಿವಿಸಿ ಜ್ವಾಲೆಯಾಗಿ ಉರಿಯದಿದ್ದರೂ ಹೈಡ್ರೋಜನ್ ಕ್ಲೋರೈಡ್ ತುಂಬಿದ ಹೊಗೆ ಕಾರುತ್ತದೆ. ಕಣ್ಣು, ಗಂಟಲು ಉರಿದು, ಗೊತ್ತಿದ್ದ ಬಾಗಿಲೂ ಕಾಣದಂತಾಗುತ್ತದೆ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನರನ್ನು ಬಲಿ ಪಡೆದದ್ದು ಮುಖ್ಯವಾಗಿ ಹೊಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟ್‌ನ ಹೊಗೆ ಮಹಡಿಗಳನ್ನು ತುಂಬಿದಾಗ ಕಿಟಕಿಯಿಂದ ಹಾರಿದವರೂ ಸೇರಿ 9 ಜನ ಸತ್ತರು.

ಪ್ಲಾಸ್ಟಿಕ್‌ಗೆ ಬೆಂಕಿ ಹತ್ತಲ್ಲ ಎಂದು ಮಾರುವ ಈ ವಂಚನೆ ಹೊಸದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1973ರಲ್ಲೇ ಪ್ಲಾಸ್ಟಿಕ್ ಉದ್ಯಮದ ಸಂಘ ಮತ್ತು ದೊಡ್ಡ ಕಂಪನಿಗಳ ಮೇಲೆ ದೂರು ಹೂಡಿತ್ತು. ಕಟ್ಟಡಕ್ಕೆ ಬಳಸುವ ಪ್ಲಾಸ್ಟಿಕ್ ಫೋಮ್ ಅನ್ನು ‘ತಾನೇ ಆರುವಂಥದ್ದು’ ಎಂದು ಮಾರುತ್ತಿದ್ದರು. ಆಧಾರ, ಸಣ್ಣ ತುಂಡಿಗೆ ಸಣ್ಣ ಜ್ವಾಲೆ ಹಿಡಿದ ಪರೀಕ್ಷೆ. ನಿಜವಾದ ಬೆಂಕಿಯಲ್ಲಿ ಅದೇ ಫೋಮ್ ಭೀಕರವಾಗಿ ಉರಿಯುತ್ತಿತ್ತು. ಕೊನೆಗೆ ಉದ್ಯಮ ಆ ಪದಗಳನ್ನು ಕೈಬಿಟ್ಟು, ಸಂಶೋಧನೆಗೆಂದು 50 ಲಕ್ಷ ಡಾಲರ್ ತೆತ್ತಿತು. ನಮ್ಮ ಅಂಗಡಿಗಳಲ್ಲಿ ಲೈಟರ್ ಪ್ರಯೋಗ ಇನ್ನೂ ನಡೆಯುತ್ತಲೇ ಇದೆ.

ಮರವೂ ಉರಿಯುತ್ತದಲ್ಲ, ಅದರ ಹೊಗೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಇಲ್ಲವೇ ಎಂದು ಕೇಳಬಹುದು. ಇದೆ, ಪ್ಲೈವುಡ್‌ಗಿಂತ ಪಿವಿಸಿಗೆ ಕಿಡಿ ತಾಗುವುದೂ ಕಷ್ಟ. ಆದರೆ ಮರ ಉರಿಯುವುದಿಲ್ಲ ಎಂದು ಯಾರೂ ಮಾರುವುದಿಲ್ಲ, ಕೊಂಡವನು ಆ ಎಚ್ಚರದಲ್ಲೇ ಇರುತ್ತಾನೆ. ನಿಷೇಧಿಸಿದರೆ ಬಡವರ ಮನೆಗೆ ಅಗ್ಗದ ವಸ್ತು ತಪ್ಪುತ್ತದೆ ಎಂಬುದು ಇನ್ನೊಂದು ವಾದ. ನಿಷೇಧ ಕೇಳುತ್ತಿರುವವರು ಯಾರು? ಯುರೋಪಿನ ಇಎನ್ 13501 ಮಾನದಂಡ ಬೆಂಕಿಯ ದರ್ಜೆಯ ಪಕ್ಕದಲ್ಲೇ ಹೊಗೆಗೊಂದು, ಉರಿದು ತೊಟ್ಟಿಕ್ಕುವುದಕ್ಕೊಂದು ದರ್ಜೆ ಬರೆಸುತ್ತದೆ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ರಾಜ್ಯಗಳು ತಮ್ಮ ನಿಯಮಕ್ಕೆ ಸೇರಿಸಿಕೊಳ್ಳುವವರೆಗೆ ಬರೀ ಸಲಹೆ. ಪ್ಯಾನೆಲ್ ಮೇಲೆ ‘ಫೈರ್‌ಪ್ರೂಫ್’ ಎಂದು ಬರೆಯುವವರು ಯಾವ ಪರೀಕ್ಷೆ, ಎಷ್ಟು ಹೊಗೆ ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲಿ. ಬಚ್ಚಲುಮನೆಗೆ ಪಿವಿಸಿ ಸೀಲಿಂಗ್ ಇರಲಿ. ಜನ ಓಡಿ ಹೊರಬರಬೇಕಾದ ಮೆಟ್ಟಿಲು, ಕಾರಿಡಾರುಗಳ ಮೇಲೆ ಮಾತ್ರ ಬೇಡ.