ಕಾಕಾನ ಕೂಲಿ ಲೆಕ್ಕ ನುಂಗಿದ ಆಪ್

ನವಲಗುಂದದ ಹತ್ತಿರ ನಮ್ಮ ಹೊಲ. ಹೆಸರು ಬಿಡಿಸೋ ಹೊತ್ತಿಗೆ ಕಾಕಾಗೆ ಒಂದು ಆಪ್ ಮಾಡಿ ಕೊಟ್ಟಿದ್ದೆ. ಯಾರು ಎಷ್ಟು ದಿನ ಕೂಲಿಗೆ ಬಂದರು, ಎಷ್ಟು ಮುಂಗಡ ಇಸ್ಕೊಂಡರು, ಅಷ್ಟೇ. 'ಟೆಸ್ಟಿಂಗ್‌ಗೆ' ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಕಳಿಸಿದ್ದು. ಹತ್ತು ದಿನ ಬಿಟ್ಟು ಒಂದು ಸಣ್ಣ ತಪ್ಪು ತಿದ್ದಿ ಇನ್ನೊಂದು ಕಳಿಸಿದೆ. ಅವತ್ತು ರಾತ್ರಿನೇ ಫೋನು...

"ಏನಪಾ, ನಿನ್ನ ಆಪ್ ನನ್ನ ಲೆಕ್ಕ ಎಲ್ಲಾ ನುಂಗಿ ಕುಂತೈತಲ್ಲೋ!"

"ಹಳೇದು ತಗದ್ರೇನ್ರಿ ಕಾಕಾ?"

"ಮತ್ತೇನ್ ಮಾಡ್ಲಿ? ಹೊಸಾದು ಇನ್‌ಸ್ಟಾಲ್ ಆಗವಲ್ದು. ಹಳೇದು ತಗದೆ, ಆತು."

ತಪ್ಪು ಪೂರ್ತಿ ನನ್ನದೇ. ಆಂಡ್ರಾಯ್ಡ್ ಪ್ರತಿ ಆಪ್‌ಗೂ ಫೋನಿನೊಳಗೆ ಒಂದು ಸ್ವಂತ ಕೋಣೆ ಕೊಡುತ್ತೆ. ಆಪ್ ತೆಗೆದರೆ ಕೋಣೆ ಸಾಮಾನು ಸಮೇತ ನೆಲಸಮ. ಇನ್ನು ಹಳೇದರ ಮೇಲೆ ಹೊಸದು ಕೂರಬೇಕಂದ್ರೆ ಎರಡಕ್ಕೂ ಒಂದೇ ಸಹಿ ಇರಬೇಕು. ಡೀಬಗ್ ಎಪಿಕೆಗೆ ಆಯಾ ಕಂಪ್ಯೂಟರ್ ತಾನೇ ಒಂದು ಸಹಿ ಹುಟ್ಟಿಸಿಕೊಂಡು ಹಾಕುತ್ತೆ. ಮೊದಲನೇದು ಹಳೇ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ್ದು, ಎರಡನೇದು ಹೊಸದರಲ್ಲಿ. ಇಷ್ಟು ಸಾಕಾಯ್ತು.

ಪ್ಲೇ ಸ್ಟೋರ್‌ನ ಇಂಟರ್ನಲ್ ಟೆಸ್ಟಿಂಗ್‌ನಲ್ಲಿ 100 ಜನರಿಗೆ ಕೊಡಬಹುದು, ಸಹಿ ಬದಲಾಗಲ್ಲ, ಅಪ್‌ಡೇಟ್ ಆದರೂ ಲೆಕ್ಕ ಹಾಗೇ ಇರುತ್ತೆ. ನಾನು ಖಾತೆಯ 25 ಡಾಲರ್ ಉಳಿಸೋಕೆ ಹೋಗಿದ್ದೆ! (ಐಫೋನಿನ ಟೆಸ್ಟ್‌ಫ್ಲೈಟ್‌ನಲ್ಲಿ ಒಂದು ಬಿಲ್ಡ್ 90 ದಿನಕ್ಕೆ ಮುಗಿದುಹೋಗುತ್ತೆ. ನಮ್ಮ ಓಣಿಯಲ್ಲಿ ಐಫೋನ್ ಯಾರ ಹತ್ರ ಇದೆ ಬಿಡಿ.)

2020ರಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡೋ ಸರ್ಕಾರಿ ಆಪ್ ಬಂದ ಮೇಲೆ ನಮ್ಮ ಕಡೆ ಫೋನು ಪಹಣಿಯ ಪಕ್ಕಕ್ಕೇ ಬಂದು ಕೂತಿದೆ. ಎರಿ ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ತೆಗೆದ ಫೋಟೋ ಅಪ್‌ಲೋಡ್ ಆಗೋವರೆಗೂ ಫೋನಲ್ಲೇ ಇರಬೇಕು. ಅಷ್ಟರಲ್ಲಿ ಯಾರೋ ಹುಡುಗ "ಜಾಗ ಇಲ್ರಿ" ಅಂತ ಕ್ಲಿಯರ್ ಡೇಟಾ ಒತ್ತಿದರೆ? ಹಳ್ಳಿಗೆ ಆಪ್ ಮಾಡೋರು ಮೊದಲು ಯೋಚಿಸಬೇಕಾದ್ದು ಬಣ್ಣ, ಬಟನ್ ಅಲ್ಲ, ಇದು. ಗ್ಯಾಲರಿಗೋ ಡಾಕ್ಯುಮೆಂಟ್ಸ್‌ಗೋ ಒಂದು ಪ್ರತಿ ಉಳಿಸಿದರೆ ಆಪ್ ಹೋದರೂ ಅದು ಉಳಿಯುತ್ತೆ. ಅರ್ಧ ದಿನದ ಕೆಲಸ ಮಾರಾಯ್ರೆ, ಮತ್ತೆ ನಾವು ಮಾಡಲ್ಲ. ಯಾಕಂದ್ರೆ ನಮಗೆ ಅದು 'ಟೆಸ್ಟ್ ಡೇಟಾ'. ಕಾಕಾಗೆ ಅದು ಹನ್ನೊಂದು ಹೆಣ್ಮಕ್ಕಳ ಕೂಲಿ.

ಕೊನೆಗೆ ಅವರು ಹೇಳಿದ ಬಾಯಿಲೆಕ್ಕಕ್ಕೇ ಕಾಕಾ ದುಡ್ಡು ಕೊಟ್ಟರು. ಒಬ್ಬಾಕೆ ತನ್ನದು ಒಂದು ದಿನ ಕಡಿಮೆನೇ ಹೇಳಿದಳಂತೆ, ಕಾಕೂ ನೆನಪಿಸಿ ಕೊಡಿಸಿದರು. ಈಗ ಆಪ್ ಪ್ಲೇ ಸ್ಟೋರ್‌ನಿಂದಲೇ ಹೋಗಿದೆ. ಕಾಕಾ ಹಾಕ್ಕೊಂಡಿದ್ದಾರೆ, ಆದರೆ ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ಕೂ ತಂದಿದ್ದಾರೆ.