ಒಂದೂವರೆ ಕಿಲೋಮೀಟರ್ ಉಳಿಸಲು ಹೋಗಿ

ದೀಪಾವಳಿ ಮುಗಿಸಿಕೊಂಡು ಅವ್ವ ಧಾರವಾಡದಿಂದ ಪುಣೆಗೆ ಬಂದಿದ್ದಾಳೆ. ಬಂದ ವಾರದಲ್ಲೇ ಒಂದು ವಿಷಯ ಗಮನಿಸಿದೆ. ಊರಲ್ಲಿ ದಿನಾ ಸಂಜೆ ಚೀಲ ಹಿಡಿದು ಸಂತೆ ಸುತ್ತುವ ಅವ್ವ ಇಲ್ಲಿ ಸೊಸೈಟಿಯ ಗೇಟು ದಾಟುತ್ತಿಲ್ಲ. ಕಾಯಿಪಲ್ಲೆ ಮಾರುಕಟ್ಟೆ ಇರುವುದು ಗೇಟಿನ ಎದುರಿಗೇ, ರಸ್ತೆಯ ಆ ಕಡೆ. ಬಾಲ್ಕನಿಯಿಂದ ಮೆಂತ್ಯದ ಸಿವುಡು ಕಾಣುವಷ್ಟು ಹತ್ತಿರ. ಆದರೂ ಆ್ಯಪ್‌ನಲ್ಲಿ ತರಕಾರಿ ತರಿಸು ಅನ್ನುತ್ತಾಳೆ.

"ಯಾಕವ್ವಾ, ಇಲ್ಲೇ ಐತಲ್ಲ ಮಾರ್ಕೆಟ್ಟು?" ಎಂದು ಕೇಳಿದೆ.

"ಐತಿ ತಮ್ಮಾ. ಆದರ ನಡುವ ಹೊಳಿ ಐತಲ್ಲೋ. ಹೊಳಿಗೆ ಬ್ಯಾಸಿಗ್ಯಾಗರ ನೀರು ಇಳೀತೈತಿ, ಇದು ಇಳಿಯೂದs ಇಲ್ಲ" ಅಂದಳು.

ನಕ್ಕೆ. ಆದರೆ ನಗು ಪೂರ್ತಿ ಬರಲಿಲ್ಲ. ಅವ್ವನಿಗೆ ಹೇಳದೇ ಇದ್ದ ಒಂದು ಸಂಗತಿ ಗಂಟಲಲ್ಲಿ ಅಡ್ಡ ಬಂತು. ಆ ಸಂಗತಿಯನ್ನೇ ಈ ಸಲದ ಅಂಕಣದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾಲ್ಕು ತಿಂಗಳ ಹಿಂದಿನ ಮಾತು. ಹಿಂಜೆವಾಡಿಯ ಆಫೀಸಿನಿಂದ ಬೈಕಿನಲ್ಲಿ ಮನೆಗೆ ಬರುತ್ತಿದ್ದೆ. ನಮ್ಮ ಗೇಟು ರಸ್ತೆಯ ಬಲಕ್ಕಿದೆ, ನಡುವೆ ಡಿವೈಡರ್. ನಿಯಮದಂತೆ ಮುಂದೆ ಹೋಗಿ ಯು-ಟರ್ನ್ ಹೊಡೆದು ಬರಬೇಕೆಂದರೆ ಒಂದೂವರೆ ಕಿಲೋಮೀಟರ್, ಸಂಜೆಯ ಹೊತ್ತಿಗೆ ಏಳೆಂಟು ನಿಮಿಷ. ಅದರ ಬದಲು ಗೇಟಿಗಿಂತ ಮೊದಲೇ ಸಿಗುವ ಸಿಗ್ನಲ್‌ನಲ್ಲಿ ಬಲಕ್ಕೆ ನುಗ್ಗಿ ಇನ್ನೂರೈವತ್ತು ಮೀಟರ್ ರಾಂಗ್ ಸೈಡಿನಲ್ಲಿ ಬಂದರೆ ಮನೆ. ಎಲ್ಲರೂ ಹಾಗೇ ಬರುತ್ತಾರೆ. ನಾನೂ ಎರಡು ವರ್ಷದಿಂದ ಹಾಗೇ ಬರುತ್ತಿದ್ದೆ.

ಅಂದು ಫುಟ್‌ಪಾತ್ ಪಕ್ಕ ಎರಡು ಟೆಂಪೋ ನಿಂತಿದ್ದವು. ಅವುಗಳ ಸಂದಿಯಿಂದ ಒಬ್ಬ ಅಜ್ಜಿ ರಸ್ತೆಗಿಳಿದಳು. ಇಳಿಯುವ ಮುಂಚೆ ಬಲಕ್ಕೆ ನೋಡಿದಳು. ವಾಹನ ಬರಬೇಕಾದದ್ದು ಬಲದಿಂದಲೇ, ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ನಾನು ಬಂದದ್ದು ಎಡದಿಂದ. ಬ್ರೇಕ್ ಒತ್ತಿದೆ, ಆದರೂ ಹ್ಯಾಂಡಲ್ ಅವಳ ಚೀಲಕ್ಕೆ ಸಿಕ್ಕಿತು. ಅಜ್ಜಿ ಕೈ ಊರಿ ಬಿದ್ದಳು. ಚೀಲದೊಳಗಿನ ಟೊಮೆಟೊ ರಸ್ತೆ ತುಂಬ ಉರುಳಿದವು.

ಜನ ಸೇರಿದರು. ಒಬ್ಬ ವಿಡಿಯೊ ಮಾಡಿದ, ಇನ್ನೊಬ್ಬ "ಪೊಲೀಸ್ ಲಫಡಾ" ಅಂದುಕೊಂಡು ಹೊರಟುಹೋದ. ಮುಂದೆ ಬಂದವಳು ಹೂ ಮಾರುವ ಹೆಂಗಸು ಒಬ್ಬಳೇ. ಅವಳೇ ಅಜ್ಜಿಯನ್ನು ಆಟೋಕ್ಕೆ ಹತ್ತಿಸಿದಳು, ನಾನೂ ಹತ್ತಿದೆ. ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿದರು, ಆರು ವಾರ ವಿಶ್ರಾಂತಿ ಅಂದರು. ದುಡ್ಡು ಕಟ್ಟಿದೆ. ಅಜ್ಜಿಯ ಮಗ ಬಂದ, ಬೈದ, ಆಮೇಲೆ ಸುಮ್ಮನಾದ. ದೂರು ಕೊಡಲಿಲ್ಲ. ಗಾಯವಾದ ಅಪಘಾತವನ್ನು ಚಾಲಕ ಪೊಲೀಸರಿಗೆ ತಿಳಿಸಲೇಬೇಕು ಎಂದು ಮೋಟಾರು ವಾಹನ ಕಾಯ್ದೆಯಲ್ಲಿದೆ. ನಾನು ತಿಳಿಸಲಿಲ್ಲ. ಹೊರಡುವಾಗ ಅಜ್ಜಿ ನನ್ನನ್ನು ನೋಡಿ ಹೇಳಿದ್ದು ಇಷ್ಟೇ: "ಹಳೂ ಚಾಲವ್, ಬಾಳಾ." ನಿಧಾನ ಓಡಿಸು, ಮಗಾ.

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ನಾನು ಸಾಫ್ಟ್‌ವೇರ್‌ನವನು. ನಮ್ಮಲ್ಲಿ ಸರ್ವರ್ ಬಿದ್ದರೆ ಮಾರನೆಯ ದಿನ ಎಲ್ಲರೂ ಕೂತು ಮೂಲ ಕಾರಣ ಹುಡುಕುತ್ತೇವೆ. "ಯಾರೋ ತಪ್ಪು ಬಟನ್ ಒತ್ತಿದ" ಅನ್ನುವಲ್ಲಿಗೆ ಆ ಸಭೆ ಮುಗಿಯುವುದಿಲ್ಲ. ಆ ಬಟನ್ ಅಲ್ಲಿ ಯಾಕಿತ್ತು, ಒತ್ತಿದರೂ ಹಾಳಾಗದಂತೆ ಯಾಕೆ ಕಟ್ಟಿರಲಿಲ್ಲ ಎಂದು ಕೇಳುತ್ತೇವೆ. ಆ ರಾತ್ರಿ ನಿದ್ದೆ ಬಾರದೆ ನನ್ನ ಅಪಘಾತಕ್ಕೂ ಅದನ್ನೇ ಮಾಡಿದೆ. ಮೊದಲ ಕಾರಣ ನಾನು, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಾಳೆ ನನ್ನ ಜಾಗದಲ್ಲಿ ಇನ್ನೊಬ್ಬ ಬರುತ್ತಾನೆ. ಯು-ಟರ್ನ್ ಅಷ್ಟು ದೂರ ಯಾಕೆ? ಮಾರುಕಟ್ಟೆಯ ಎದುರು ದಾಟಲು ಜಾಗ ಯಾಕಿಲ್ಲ? ಫುಟ್‌ಪಾತಿನ ಅಂಚಿನಲ್ಲಿ ಟೆಂಪೋ ನಿಲ್ಲಿಸಲು ಬಿಟ್ಟವರು ಯಾರು?

ಸ್ವೀಡನ್ ದೇಶ 1997ರಲ್ಲಿ 'ವಿಷನ್ ಝೀರೋ' ಎಂಬ ನೀತಿ ತಂದದ್ದು ಇದೇ ಯೋಚನೆಯ ಮೇಲೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆ ಕಟ್ಟಬೇಕು ಎಂಬುದು ಅದರ ಸಾರ.

ನಮ್ಮಲ್ಲಿ ಏನಾಗುತ್ತಿದೆ ನೋಡಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಇವರಲ್ಲಿ ಸುಮಾರು 75 ಸಾವಿರ ಜನ ದ್ವಿಚಕ್ರದವರು, ಸುಮಾರು 33 ಸಾವಿರ ಜನ ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ಹತ್ತರಲ್ಲಿ ಆರು ಮಂದಿಗೆ ಮೈಮೇಲೆ ತಗಡಿನ ರಕ್ಷಣೆಯೇ ಇರಲಿಲ್ಲ. ನಮ್ಮ ರಸ್ತೆಗಳನ್ನು ಮಾತ್ರ ನಾವು ಕಾರಿನ ಅಳತೆಗೇ ಕಟ್ಟುತ್ತಿದ್ದೇವೆ.

ವೇಗದ ಲೆಕ್ಕವನ್ನೂ ಒಮ್ಮೆ ಮಾಡಿ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿರಿ. ಒಣ ರಸ್ತೆಯಲ್ಲಿ ಕಾರು ಪೂರ್ತಿ ನಿಲ್ಲುವಷ್ಟರಲ್ಲಿ 36 ಮೀಟರ್ ದಾಟಿರುತ್ತದೆ. 40ರಲ್ಲಿ ಇದ್ದರೆ 20 ಮೀಟರಿಗೇ ನಿಲ್ಲುತ್ತದೆ. ಈಗ 25 ಮೀಟರ್ ಮುಂದೆ ಒಬ್ಬ ಅಜ್ಜಿ ರಸ್ತೆಗೆ ಇಳಿದಳು ಅಂದುಕೊಳ್ಳಿ. 40ರವನು ಅವಳ ಮುಂದೆ ನಿಂತು ಹಾರ್ನ್ ಹೊಡೆಯುತ್ತಾನೆ. 60ರವನು ಅವಳಿಗೆ ತಾಗುವಾಗ ಇನ್ನೂ 45ರ ವೇಗದಲ್ಲಿ ಇರುತ್ತಾನೆ. ಊರೊಳಗಿನ ರಸ್ತೆಯಲ್ಲಿ 60ರಲ್ಲಿ ಹೋಗಿ ಉಳಿಸುವುದು ಎಷ್ಟು? ಮುಂದಿನ ಸಿಗ್ನಲ್‌ನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ನಿಂತಿರುತ್ತಾರೆ.

ಪುಣೆಯಿಂದ ಊರಿಗೆ ಹೋಗುವ ನಮ್ಮೆಲ್ಲರಿಗೂ ನವಲೆ ಬ್ರಿಡ್ಜ್ ಗೊತ್ತು. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ ಮುಟ್ಟುವ ಅದೇ ಹೆದ್ದಾರಿ. ಕಾತ್ರಜ್‌ನ ಹೊಸ ಸುರಂಗ ದಾಟಿದರೆ ಪುಣೆಯ ಕಡೆಗೆ ಉದ್ದನೆಯ ಇಳಿಜಾರು. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಲಾರಿಗಳದ್ದು ಇಲ್ಲಿ ಹಳೆಯ ಸಮಸ್ಯೆ. ಗೇರಿನ ಹಿಡಿತ ತಪ್ಪಿದಾಗ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಕೈಕೊಡುತ್ತದೆ. ಆಮೇಲೆ ವೇಗಮಿತಿ ಇಳಿಸಿದರು, ರಂಬಲ್ ಸ್ಟ್ರಿಪ್ ಹಾಕಿದರು. ಆದರೂ ಅಪಘಾತಗಳು ಪೂರ್ತಿ ನಿಂತಿಲ್ಲ. ಆ ಚಾಲಕ ಉಳಿಸಲು ಹೋಗುವುದು ಒಂದೆರಡು ಲೀಟರ್ ಡೀಸೆಲ್, ನಾನು ಉಳಿಸಲು ಹೋದದ್ದು ಒಂದೂವರೆ ಕಿಲೋಮೀಟರ್. ನಮ್ಮಿಬ್ಬರಲ್ಲಿ ವ್ಯತ್ಯಾಸ ವಾಹನದ ತೂಕದ್ದು ಮಾತ್ರ.

ಇದೇ ಪುಣೆಯಲ್ಲಿ ಜಂಗ್ಲಿ ಮಹಾರಾಜ ರಸ್ತೆಯೂ ಇದೆ. ಅಲ್ಲಿ ಫುಟ್‌ಪಾತನ್ನು ಅಗಲ ಮಾಡಿ, ಕೂರಲು ಬೆಂಚು ಹಾಕಿದ್ದಾರೆ. ಹಿಂದಿನ ಭಾನುವಾರ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಒಂದು ತಾಸು ಒಬ್ಬಳೇ ಆರಾಮಾಗಿ ಅಡ್ಡಾಡಿದಳು. ಅದೇ ಊರು, ಅದೇ ಜನ, ಅದೇ ಅವ್ವ. ಬದಲಾದದ್ದು ರಸ್ತೆ ಮಾತ್ರ.

ನಮ್ಮ ಮನೆ ಹತ್ತಿರದ ಸಿಗ್ನಲ್‌ನಲ್ಲಿ ನಿಂತು ಮೊಬೈಲಿನಲ್ಲಿ ಸಮಯ ಅಳೆದೆ. ರಸ್ತೆ 24 ಮೀಟರ್ ಅಗಲ. ದಾಟುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆಂದು ಹಿಡಿದರೂ 20 ಸೆಕೆಂಡ್ ಬೇಕು. ಮೊಣಕಾಲು ನೋವಿನ ಅವ್ವನಿಗೆ ಮೂವತ್ತು. ಸಿಗ್ನಲ್ ಕೊಡುವುದು ಹನ್ನೆರಡು. ಅಂದರೆ ಅವ್ವ ನಿಯಮ ಪಾಲಿಸಿದರೂ ರಸ್ತೆಯ ನಡುವೆಯೇ ಸಿಕ್ಕಿಕೊಳ್ಳುತ್ತಾಳೆ. ಈ ಲೆಕ್ಕವನ್ನೇ ಒಂದು ಪುಟದಲ್ಲಿ ಬರೆದು, ಸೊಸೈಟಿಯವರ ಸಹಿ ಹಾಕಿಸಿ, ವಾರ್ಡ್ ಆಫೀಸಿಗೂ ಟ್ರಾಫಿಕ್ ಪೊಲೀಸರಿಗೂ ಕೊಟ್ಟೆವು. ಮೂರು ಕೇಳಿದ್ದೆವು: ಮಾರುಕಟ್ಟೆಯ ಎದುರು ಎತ್ತರಿಸಿದ ಕ್ರಾಸಿಂಗ್, ದಾಟುವವರಿಗೆ 30 ಸೆಕೆಂಡ್ ಹಸಿರು ದೀಪ, ಫುಟ್‌ಪಾತ್ ಪಕ್ಕ ಪಾರ್ಕಿಂಗ್ ನಿಷೇಧ. ಇದುವರೆಗೆ ಬಂದದ್ದು 22 ಸೆಕೆಂಡಿನ ಹಸಿರು ಮತ್ತು ಒಂದು ನೋ ಪಾರ್ಕಿಂಗ್ ಫಲಕ. ಫಲಕದ ಕೆಳಗೇ ಟೆಂಪೋ ನಿಲ್ಲುತ್ತಿದೆ. ಮತ್ತೆ ಹೋಗುತ್ತೇವೆ.

ಒಂದು ಮಾತು ಎಲ್ಲರೂ ನೆನಪಿಡಿ. ಅಪಘಾತದಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದ ದಾರಿಹೋಕರಿಗೆ ಪೊಲೀಸ್ ಕಾಟ ಇರಬಾರದು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಅದು 134ಎ ಎಂಬ ಕಲಮಾಗಿ ಕಾಯ್ದೆಯೊಳಗೇ ಬಂದಿದೆ. ಹೆಸರು ಹೇಳಬೇಕೆಂದೂ ಒತ್ತಾಯಿಸುವಂತಿಲ್ಲ. ಹೂವಿನ ಹೆಂಗಸಿಗೆ ಈ ಕಲಮು ಗೊತ್ತಿರಲಿಲ್ಲ, ಆದರೂ ಎತ್ತಿದಳು.

ಇನ್ನು ಅವ್ವ. ಈ ಅಂಕಣ ಕಳಿಸುವ ಮುಂಚೆ ಅವಳಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಮುದುಕಿ ಮನಿ ಎಲ್ಲೈತಿ, ಗೊತ್ತೇನು?" ಎಂದು ಕೇಳಿದಳು. ಗೊತ್ತು ಎಂದೆ. "ದವಾಖಾನಿ ರೊಕ್ಕಾ ಕೊಟ್ಟೀನಿ ಅಂತ ಮುಗೀತೇನು? ನಾಳೆ ಹೋಗೂಣು ನಡಿ."

ಹೋದೆವು. ಅಜ್ಜಿಯ ಕೈ ಕೂಡಿದೆ, ಆದರೆ ಲಟ್ಟಣಿಗೆ ಹಿಡಿದರೆ ಇನ್ನೂ ನೋಯುತ್ತದಂತೆ. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೇ, ಅಜ್ಜಿಗೆ ಕನ್ನಡ ಬಾರದು. ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಅರ್ಧ ತಾಸು ಮಾತಾಡಿದರು. ಅಜ್ಜಿ ಆ ದಿನದ ನಂತರ ಮಾರುಕಟ್ಟೆಗೆ ಹೋಗಿಲ್ಲವಂತೆ, ಸೊಸೆ ಆ್ಯಪ್‌ನಲ್ಲಿ ತರಿಸುತ್ತಾಳಂತೆ.

ಯು-ಟರ್ನ್ ಈಗಲೂ ಅಷ್ಟೇ ದೂರ ಇದೆ. ದಿನಾ ಹೋಗಿ ತಿರುಗಿಸಿಕೊಂಡು ಬರುತ್ತೇನೆ. ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವವರು ಸರಿ ದಾರಿಯಲ್ಲಿರುವ ನನಗೇ ಹಾರ್ನ್ ಹೊಡೆಯುತ್ತಾರೆ. ಸಿಟ್ಟು ಬರುತ್ತದೆ. ಆದರೆ ನಾಲ್ಕು ತಿಂಗಳ ಹಿಂದೆ ಅವರ ಜಾಗದಲ್ಲಿ ಇದ್ದವನು ನಾನೇ. ನಿಮ್ಮ ಮನೆಯ ಮುಂದೆಯೂ ಅಂಥದ್ದೊಂದು ಯು-ಟರ್ನ್ ಇರಬಹುದು. ಇವತ್ತು ಸಂಜೆ ಅಲ್ಲಿಯವರೆಗೂ ಹೋಗಿ ಬನ್ನಿ.