ಸಣ್ಣ ಪದ ತಪ್ಪಿದರೆ ಲೆಕ್ಕವೂ ತಪ್ಪು

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಪಿಯುಸಿಯಲ್ಲಿ ಒಮ್ಮೆಗೇ ಇಂಗ್ಲಿಷ್ ಪುಸ್ತಕ ಹಿಡಿಯುವ ಮಕ್ಕಳಿಗೆ ಮೊದಲ ಹೆದರಿಕೆ ಉದ್ದುದ್ದ ಪದಗಳದ್ದು. ‘ಆಕ್ಸಲರೇಷನ್’, ‘ಎಲೆಕ್ಟ್ರೋಲಿಸಿಸ್’, ‘ಫೋಟೋಸಿಂಥೆಸಿಸ್’ ಎಂದೊಡನೆ ಎದೆ ಝಲ್ಲೆನ್ನುತ್ತದೆ. ಆದರೆ ಈ ದೊಡ್ಡ ಪದಗಳು ಕಾಡುವುದು ಸ್ವಲ್ಪ ದಿನ ಮಾತ್ರ. ಅವು ವೇಗೋತ್ಕರ್ಷ, ವಿದ್ಯುದ್ವಿಭಜನೆ, ದ್ಯುತಿಸಂಶ್ಲೇಷಣೆ ಎಂದು ಒಮ್ಮೆ ತಿಳಿದರೆ ಮುಗಿಯಿತು; ಎರಡು ತಿಂಗಳಲ್ಲಿ ಬಾಯಿಗೆ ಬಂದುಬಿಡುತ್ತವೆ. ವರ್ಷಗಟ್ಟಲೆ ಬೆನ್ನು ಬಿಡದೆ ಕಾಡುವವು ಬೇರೆಯೇ ಇವೆ. ಇನ್, ಆನ್, ಅಟ್, ಬೈ, ಟು, ಫ್ರಂ, ಆಫ್, ವಿತ್ - ಇರುವೆಯಂಥ ಪುಟ್ಟ ಪದಗಳು. ವ್ಯಾಕರಣದಲ್ಲಿ ಇವುಗಳಿಗೆ ಪ್ರಿಪೊಸಿಷನ್ ಎಂದು ಹೆಸರು.

ಇವು ತಪ್ಪಿದರೆ ಇಂಗ್ಲಿಷ್ ಪತ್ರಿಕೆಯಲ್ಲಿ ಅರ್ಧ ಅಂಕ ಹೋಗುತ್ತದೆ, ಅಷ್ಟೇ ತಾನೆ ಎಂದು ಅನೇಕ ಪಾಲಕರು ಭಾವಿಸಿದ್ದಾರೆ. ಹಾಗಲ್ಲ. ಭೌತಶಾಸ್ತ್ರದ, ಗಣಿತದ ಲೆಕ್ಕವೂ ಇವುಗಳ ಕೈಯಲ್ಲಿದೆ.

ಒಂದು ಉದಾಹರಣೆ ನೋಡಿ. 20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿರುವ 2 ಕಿಲೋಗ್ರಾಂ ನೀರನ್ನು ಕಾಯಿಸಬೇಕಾಗಿದೆ. ಪ್ರಶ್ನೆಯಲ್ಲಿ ‘ಟು 50 ಡಿಗ್ರಿ’ ಎಂದಿದ್ದರೆ ನೀರಿನ ತಾಪ 50 ಡಿಗ್ರಿಗೆ ಏರಬೇಕು. ಅಂದರೆ ಏರಿಕೆ 30 ಡಿಗ್ರಿ. ‘ಬೈ 50 ಡಿಗ್ರಿ’ ಎಂದಿದ್ದರೆ ತಾಪ 50 ಡಿಗ್ರಿಯಷ್ಟು ಏರಬೇಕು; ಅಂದರೆ ನೀರು 70 ಡಿಗ್ರಿಗೆ ಮುಟ್ಟಬೇಕು. ನೀರಿನ ವಿಶಿಷ್ಟ ಉಷ್ಣ ಕಿಲೋಗ್ರಾಂ ಡಿಗ್ರಿಗೆ 4200 ಜೂಲ್ ಎಂದಿಟ್ಟುಕೊಂಡರೆ, ಮೊದಲನೆಯದಕ್ಕೆ ಉತ್ತರ 2,52,000 ಜೂಲ್, ಎರಡನೆಯದಕ್ಕೆ 4,20,000 ಜೂಲ್. ಸೂತ್ರ ಬಾಯಿಪಾಠ ಬರುತ್ತದೆ, ಗುಣಾಕಾರ ಸರಿಯಾಗಿದೆ, ಆದರೂ ಉತ್ತರ ತಪ್ಪು. ಕೈಕೊಟ್ಟಿದ್ದು ಎರಡಕ್ಷರದ ಒಂದು ಪದ.

ನ್ಯೂಟನ್ನನ ಮೂರನೆಯ ನಿಯಮದಲ್ಲಂತೂ ಇದು ಇನ್ನೂ ಸ್ಪಷ್ಟ. ಮೇಜಿನ ಮೇಲೆ ಪುಸ್ತಕವಿದೆ. ‘ಫೋರ್ಸ್ ಬೈ ದ ಬುಕ್ ಆನ್ ದ ಟೇಬಲ್’ ಎಂದರೆ ಪುಸ್ತಕವು ಮೇಜನ್ನು ಒತ್ತುವ ಬಲ. ಬಾಣದ ಗುರುತು ಕೆಳಮುಖ. ‘ಫೋರ್ಸ್ ಆನ್ ದ ಬುಕ್ ಬೈ ದ ಟೇಬಲ್’ ಎಂದರೆ ಮೇಜು ಪುಸ್ತಕವನ್ನು ಎತ್ತಿ ಹಿಡಿದ ಬಲ, ಬಾಣ ಮೇಲ್ಮುಖ. ‘ಬೈ’ಯ ಮುಂದೆ ಬರುವುದು ಬಲ ಹಾಕುವ ವಸ್ತು, ‘ಆನ್’ನ ಮುಂದೆ ಬರುವುದು ಬಲಕ್ಕೆ ಒಳಗಾದ ವಸ್ತು. ಇಷ್ಟು ತಿಳಿಯದವನಿಗೆ ಕ್ರಿಯೆ, ಪ್ರತಿಕ್ರಿಯೆ ಎರಡೂ ಒಂದೇ ವಾಕ್ಯದಂತೆ ಕಾಣುತ್ತವೆ.

ಗಣಿತಕ್ಕೆ ಬಂದರೆ, ‘ಸಬ್‌ಟ್ರಾಕ್ಟ್ 3 ಫ್ರಂ 8’ ಎಂಬುದನ್ನು ಎಡದಿಂದ ಬಲಕ್ಕೆ ಓದಿದ ಹುಡುಗ ಮೂರರಲ್ಲಿ ಎಂಟನ್ನು ಕಳೆದು ಋಣ ಐದು ಎಂದು ಬರೆಯುತ್ತಾನೆ. ‘ಫ್ರಂ 8’ ಎಂದರೆ ಎಂಟರಿಂದ ಎಂದು ಹೊಳೆದಿದ್ದರೆ ಉತ್ತರ ಐದು. ನಮ್ಮ ತರಗತಿಗಳಲ್ಲಿ ‘5 ಇನ್‌ಟು 4’ ಎಂದರೆ ಗುಣಾಕಾರ, ಇಪ್ಪತ್ತು. ಆದರೆ ಇಂಗ್ಲೆಂಡಿನ ಮಕ್ಕಳಿಗೆ ‘5 ಇನ್‌ಟು 20’ ಎಂದರೆ ಭಾಗಾಕಾರ. ಇಪ್ಪತ್ತರೊಳಗೆ ಐದು ಎಷ್ಟು ಬಾರಿ ಹೋಗುತ್ತದೆ ಎಂಬ ಪ್ರಶ್ನೆ. ಉತ್ತರ ನಾಲ್ಕು. ಹೊರದೇಶದ ಪುಸ್ತಕ ಓದುವಾಗ ಇದು ನೆನಪಿರಬೇಕು.

ಬಾಲದಲ್ಲಿದ್ದದ್ದು ತಲೆಗೆ ಬಂದಾಗ

ಈ ತೊಡಕಿಗೆ ಮಕ್ಕಳ ದಡ್ಡತನ ಕಾರಣವಲ್ಲ. ಎರಡು ಭಾಷೆಗಳ ಕಟ್ಟಡವೇ ಬೇರೆ. ಅನ್ನು, ಇಂದ, ಗೆ, ಅಲ್ಲಿ ಎಂಬ ವಿಭಕ್ತಿ ಪ್ರತ್ಯಯಗಳನ್ನು ಎಲ್ಲರೂ ಶಾಲೆಯಲ್ಲಿ ರಾಗವಾಗಿ ಹೇಳಿದವರೇ. ಕನ್ನಡದಲ್ಲಿ ಅವು ನಾಮಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ: ಊರಿಗೆ, ಊರಿಂದ, ಊರಲ್ಲಿ. ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡುವ ಪದ ನಾಮಪದಕ್ಕೆ ಮೊದಲೇ ಬಂದು ನಿಲ್ಲುತ್ತದೆ. ‘ಪ್ರಿ’ ಎಂದರೆ ಮೊದಲು, ‘ಪೊಸಿಷನ್’ ಎಂದರೆ ಸ್ಥಾನ. ಹೆಸರೇ ಇದನ್ನು ಹೇಳುತ್ತದೆ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ವಿಭಕ್ತಿ ಪ್ರತ್ಯಯಗಳಿದ್ದವು ಎಂದರೆ ಆಶ್ಚರ್ಯವಾದೀತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಸ್ಟಾನ್’ ಎಂದರೆ ಕಲ್ಲು, ‘ಸ್ಟಾನೆಸ್’ ಎಂದರೆ ಕಲ್ಲಿನ, ‘ಸ್ಟಾನೆ’ ಎಂದರೆ ಕಲ್ಲಿಗೆ. ಮುಂದಿನ ಶತಮಾನಗಳಲ್ಲಿ ಜನರ ಬಾಯಲ್ಲಿ ಈ ಬಾಲಗಳು ಸವೆದುಹೋದವು. ಅವು ಮಾಡುತ್ತಿದ್ದ ಕೆಲಸವನ್ನು ವಾಕ್ಯದಲ್ಲಿ ಪದಗಳು ನಿಲ್ಲುವ ಕ್ರಮ ಮತ್ತು ಪ್ರಿಪೊಸಿಷನ್‌ಗಳು ಹೊತ್ತುಕೊಂಡವು. ‘ರಾಮಾಸ್ ಬುಕ್’ ಎನ್ನುವಾಗ ಕೊನೆಗೆ ಕೇಳಿಸುವ ‘ಸ್’ ಆ ಹಳೆಯ ಷಷ್ಠೀ ವಿಭಕ್ತಿಯ ಉಳಿಕೆ.

ಸ್ಥಾನ ಬದಲಾದದ್ದನ್ನು ಮಕ್ಕಳು ಬೇಗ ಕಲಿಯುತ್ತಾರೆ. ನಿಜವಾದ ಕಷ್ಟ ಬೇರೆ. ಕನ್ನಡದ ಒಂದು ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷ್ ನಾಲ್ಕಾರು ಪದಗಳಿಗೆ ಹಂಚಿದೆ. ನಮ್ಮ ‘ಇಂದ’ವನ್ನೇ ತೆಗೆದುಕೊಳ್ಳಿ.

ಊರಿನಿಂದ ಬಂದ ಎನ್ನುವಲ್ಲಿ ‘ಫ್ರಂ’. ಚಾಕುವಿನಿಂದ ಕತ್ತರಿಸಿದ ಎನ್ನುವಲ್ಲಿ ‘ವಿತ್’. ಪೊಲೀಸರಿಂದ ಕಳ್ಳನ ಬಂಧನ ಎನ್ನುವಲ್ಲಿ ‘ಬೈ’. ಮರದಿಂದ ಮಾಡಿದ ಮೇಜು ಎನ್ನುವಲ್ಲಿ ‘ಆಫ್’. ಸೋಮವಾರದಿಂದ ಜ್ವರ ಎನ್ನುವಲ್ಲಿ ‘ಸಿನ್ಸ್’. ನಾಲ್ಕು ದಿನದಿಂದ ಜ್ವರ ಎನ್ನುವಲ್ಲಿ ‘ಫಾರ್’.

ಒಂದು ‘ಇಂದ’ಕ್ಕೆ ಆರು ಪದಗಳು. ‘ಐ ಆಮ್ ಸಫರಿಂಗ್ ಫ್ರಂ ಫೀವರ್ ಸಿನ್ಸ್ ಫೋರ್ ಡೇಸ್’ ಎಂಬ ರಜೆ ಅರ್ಜಿ ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವುದು ಇದೇ ಕಾರಣಕ್ಕೆ. ಆರಂಭದ ದಿನ ಅಥವಾ ಗಳಿಗೆಯನ್ನು ಹೇಳಿದರೆ ‘ಸಿನ್ಸ್’, ಅವಧಿಯನ್ನು ಹೇಳಿದರೆ ‘ಫಾರ್’. ಗಡಿಯಾರದ ಮೇಲೆ ಬೆರಳಿಟ್ಟು ತೋರಿಸಬಹುದಾದ ಕ್ಷಣ ಒಂದು. ಎಣಿಸಬೇಕಾದ ಕಾಲ ಇನ್ನೊಂದು. ಇಲ್ಲಿ ‘ಫಾರ್’ ಬಂದರೆ ಕ್ರಿಯಾಪದವೂ ‘ಹ್ಯಾವ್ ಬೀನ್ ಸಫರಿಂಗ್’ ಎಂದಾಗಬೇಕು.

ಬಿಂದು, ತಲ, ಘನ

‘ಅಲ್ಲಿ’ ಎಂಬ ಪ್ರತ್ಯಯಕ್ಕೆ ಅಟ್, ಆನ್, ಇನ್ ಮೂರೂ ಬರುತ್ತವೆ. ಇವುಗಳನ್ನು ಬಿಡಿಸಲು ರೇಖಾಗಣಿತ ನೆರವಾಗುತ್ತದೆ. ಬಿಂದುವಾದರೆ ‘ಅಟ್’; ರೇಖೆ ಅಥವಾ ತಲವಾದರೆ ‘ಆನ್’; ಸುತ್ತ ಎಲ್ಲೆಯಿದ್ದು ಒಳಗೆ ಜಾಗವಿದ್ದರೆ ‘ಇನ್’. ಎರಡು ಸರಳರೇಖೆಗಳು ಓ ಬಿಂದುವಿನಲ್ಲಿ ಸಂಧಿಸಿದರೆ ‘ಅಟ್ ಓ’. ಪಿ ಬಿಂದು ರೇಖೆಯ ಮೇಲಿದ್ದರೆ ‘ಆನ್ ದ ಲೈನ್’. ನೀರು ಬೀಕರಿನಲ್ಲಿದ್ದರೆ ‘ಇನ್ ದ ಬೀಕರ್’.

ಕಾಲಕ್ಕೂ ಇದೇ ಅಳತೆ ಬಹುಮಟ್ಟಿಗೆ ಒಪ್ಪುತ್ತದೆ. ಗಂಟೆ ಒಂದು ಬಿಂದು: ‘ಅಟ್ ಸಿಕ್ಸ್ ಓ ಕ್ಲಾಕ್’. ದಿನ ಕ್ಯಾಲೆಂಡರಿನ ಒಂದು ಮನೆ: ‘ಆನ್ ಮಂಡೇ’. ತಿಂಗಳು, ವರ್ಷ ದೊಡ್ಡ ಪಾತ್ರೆಗಳು: ‘ಇನ್ ಜೂನ್’, ‘ಇನ್ 1947’. ನೀರು ಕುದಿಯುವ ತಾಪ ಥರ್ಮಾಮೀಟರಿನ ಮೇಲೆ ಒಂದು ಬಿಂದುವಾದ್ದರಿಂದ ‘ಅಟ್ 100 ಡಿಗ್ರಿ’ ಎಂದೇ ಬರೆಯಬೇಕು.

‘ಆನ್’ ಎಂದರೆ ‘ಮೇಲೆ’ ಎಂದು ಬಾಯಿಪಾಠ ಮಾಡಿಸುವುದು ಅಪೂರ್ಣ ಪಾಠ. ಚಾವಣಿಯಲ್ಲಿ ತಲೆಕೆಳಗಾಗಿ ಕುಳಿತ ಹಲ್ಲಿಯೂ ‘ಆನ್ ದ ಸೀಲಿಂಗ್’. ಅದು ಚಾವಣಿಯ ಮೇಲಿಲ್ಲ, ಕೆಳಗಿದೆ! ‘ಆನ್’ನ ತಿರುಳು ಎತ್ತರವಲ್ಲ, ತಾಗಿರುವಿಕೆ. ನಮ್ಮ ತಲೆಯ ಮೇಲೆ ಕಾಗೆ ಕುಳಿತರೆ ‘ಆನ್’, ತಾಗದೆ ಹಾರಿಹೋದರೆ ‘ಓವರ್’. ಕನ್ನಡದ ‘ಮೇಲೆ’ ಎರಡಕ್ಕೂ ನಡೆಯುತ್ತದೆ.

ಆದರೆ ಎಲ್ಲಕ್ಕೂ ತರ್ಕ ಹುಡುಕಹೋಗಬಾರದು. ‘ಇನ್ ದ ಮಾರ್ನಿಂಗ್’ ಎನ್ನುವವರು ರಾತ್ರಿಗೆ ‘ಅಟ್ ನೈಟ್’ ಎನ್ನುತ್ತಾರೆ. ಅದು ರೂಢಿ. ಕಾರಿನೊಳಗೆ ಕುಳಿತರೆ ‘ಇನ್ ದ ಕಾರ್’, ಬಸ್ಸಿನೊಳಗೆ ಕುಳಿತರೂ ‘ಆನ್ ದ ಬಸ್’. ನಮ್ಮಲ್ಲೂ ರೂಢಿಗೆ ಕೊರತೆಯಿಲ್ಲ. ‘ನಾಯಿಗೆ ಹೆದರಿದ’ ಎನ್ನುತ್ತೇವೆ, ಅಲ್ಲಿ ‘ಗೆ’ ಏಕೆ ಎಂದು ಇಂಗ್ಲಿಷರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಇಂಥ ಕಡೆ ಕನ್ನಡದ ಪ್ರತ್ಯಯವನ್ನು ಹಾಗೆಯೇ ದಾಟಿಸುವುದರಿಂದ ತಪ್ಪುಗಳು ಹುಟ್ಟುತ್ತವೆ. ನನ್ನ ಮೇಲೆ ಸಿಟ್ಟು ಎಂಬುದು ‘ಆಂಗ್ರಿ ಆನ್ ಮಿ’ ಆಗುತ್ತದೆ, ಬೇಕಾದದ್ದು ‘ವಿತ್’. ಅವಳ ಜೊತೆ ಮದುವೆ ಎಂಬುದು ‘ಮ್ಯಾರೀಡ್ ವಿತ್’ ಆಗುತ್ತದೆ, ಬೇಕಾದದ್ದು ‘ಟು’. ಗಣಿತದಲ್ಲಿ ಜಾಣ ಎಂಬುದು ‘ಗುಡ್ ಇನ್’ ಆಗುತ್ತದೆ, ಬೇಕಾದದ್ದು ‘ಅಟ್’. ಏನೂ ಬೇಡದ ಕಡೆಯೂ ಸೇರಿಸುವುದುಂಟು. ವಿಷಯದ ಬಗ್ಗೆ ಚರ್ಚಿಸು ಎಂಬ ಮಾತಿನ ನೆರಳಲ್ಲಿ ‘ಡಿಸ್ಕಸ್ ಅಬೌಟ್’, ಮೈಸೂರಿಗೆ ತಲುಪು ಎಂಬುದರ ನೆರಳಲ್ಲಿ ‘ರೀಚ್ ಟು ಮೈಸೂರು’ ಬರುತ್ತವೆ. ಡಿಸ್ಕಸ್, ರೀಚ್ ಎರಡೂ ಹೀಗೆ ಬಂದಾಗ ಪ್ರಿಪೊಸಿಷನ್ ಕೇಳುವುದಿಲ್ಲ.

ಕಲಿಯುವ ದಾರಿ

ಪ್ರಿಪೊಸಿಷನ್‌ಗಳ ಪಟ್ಟಿ ಮಾಡಿ, ಪಕ್ಕದಲ್ಲಿ ಕನ್ನಡ ಅರ್ಥ ಬರೆದು ಉರು ಹೊಡೆಯುವುದು ವ್ಯರ್ಥ ಶ್ರಮ. ಅವುಗಳನ್ನು ಒಂಟಿಯಾಗಿ ಕಲಿಯಲಾಗದು, ಜೋಡಿಯಾಗಿಯೇ ಕಲಿಯಬೇಕು. ‘ಡಿಪೆಂಡ್’ ಎಂದು ಬರೆದುಕೊಳ್ಳುವಾಗ ‘ಡಿಪೆಂಡ್ ಆನ್’ ಎಂದೇ ಬರೆದುಕೊಳ್ಳಲಿ. ಹಾಗೆಯೇ ಕನ್ಸಿಸ್ಟ್ ಆಫ್, ಡಿಸಾಲ್ವ್ ಇನ್, ರಿಯಾಕ್ಟ್ ವಿತ್, ಪ್ರಪೋರ್ಷನಲ್ ಟು, ಡಿವೈಡ್ ಬೈ. ವಿಜ್ಞಾನದ ನೋಟ್‌ಪುಸ್ತಕದ ಕೊನೆಯ ನಾಲ್ಕು ಹಾಳೆಗಳನ್ನು ಇದಕ್ಕೆ ಮೀಸಲಿಟ್ಟರೆ ವರ್ಷದ ಕೊನೆಗೆ ಇಂಥ ನೂರು ಜೋಡಿಗಳಾದರೂ ಕೈಸೇರುತ್ತವೆ.

ಎರಡನೆಯದು, ಪಠ್ಯಪುಸ್ತಕವನ್ನೇ ಅಭ್ಯಾಸಪುಸ್ತಕ ಮಾಡಿಕೊಳ್ಳುವುದು. ದಿನಕ್ಕೆ ಹತ್ತು ವಾಕ್ಯ ಆರಿಸಿ, ಪ್ರಿಪೊಸಿಷನ್ ಇರುವಲ್ಲಿ ಗೆರೆ ಹಾಕಿ ಖಾಲಿ ಬಿಟ್ಟು ಬರೆದುಕೊಳ್ಳಬೇಕು. ಮರುದಿನ ಪುಸ್ತಕ ನೋಡದೆ ತುಂಬಿ, ನಂತರ ತಾಳೆ ನೋಡಬೇಕು. ಹತ್ತು ನಿಮಿಷದ ಕೆಲಸ. ಖರ್ಚಿಲ್ಲ, ಟ್ಯೂಷನ್ ಬೇಕಿಲ್ಲ. ವಿಜ್ಞಾನವೂ ಮನನವಾಗುತ್ತದೆ.

ಮೂರನೆಯದು ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅವರು ಪರಭಾಷಿಕ ವಿದ್ಯಾರ್ಥಿಗಳಿಗಾಗಿಯೇ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾಯಿತು. ಅದೇ ಮುಂದೆ ಆಕ್ಸ್‌ಫರ್ಡ್‌ನ ಪ್ರಸಿದ್ಧ ಲರ್ನರ್ಸ್ ಡಿಕ್ಷನರಿಯಾಯಿತು. ಇಂಥ ನಿಘಂಟಿನಲ್ಲಿ ಪದದ ಅರ್ಥದ ಜೊತೆಗೆ ಅದು ಯಾವ ಪ್ರಿಪೊಸಿಷನ್ನಿನೊಡನೆ ಬರುತ್ತದೆ ಎಂಬುದೂ ಇರುತ್ತದೆ. ಅರ್ಥ ಸಿಕ್ಕಿದೊಡನೆ ಪುಸ್ತಕ ಮುಚ್ಚಿದರೆ ಅರ್ಧ ಲಾಭ ಬಿಟ್ಟಂತೆ.

ಉಪಾಧ್ಯಾಯರಿಗೂ ಇಲ್ಲಿ ಕೆಲಸವಿದೆ. ಐದು, ಆರನೆಯ ತರಗತಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಒಂದು ಸೀಮೆಸುಣ್ಣದ ತುಂಡು ಸಾಕು. ಒಳಗಿಟ್ಟು, ಮೇಲಿಟ್ಟು, ತಾಗದಂತೆ ಹಿಡಿದು, ಕೆಳಗೆ ಸರಿಸಿ, ಎಲ್ಲಿದೆ ಎಂದು ಮಕ್ಕಳ ಬಾಯಲ್ಲಿ ಹೇಳಿಸಬೇಕು. ಮೇಲಿನ ತರಗತಿಗಳಲ್ಲಿ ಕನ್ನಡವನ್ನು ದೂರವಿಡಬೇಕಾಗಿಲ್ಲ. ‘50 ಡಿಗ್ರಿಗೆ’, ‘50 ಡಿಗ್ರಿಯಷ್ಟು’ ಎಂಬ ಎರಡು ಮಾತು ಸಾಕು, ‘ಟು’ ಮತ್ತು ‘ಬೈ’ಗಳ ಅಂತರ ಯಾವ ಹಳ್ಳಿಯ ಮಗುವಿಗೂ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಆ ಅಂತರ ಮಗುವಿಗೆ ಮೊದಲೇ ತಿಳಿದಿದೆ. ಇಂಗ್ಲಿಷಿನ ಅಂಗಿ ತೊಟ್ಟು ಬಂದಾಗ ಗುರುತು ಹತ್ತಿರಲಿಲ್ಲ, ಅಷ್ಟೆ.

ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದೊಡನೆ ವಿಜ್ಞಾನ ತಮಗೆ ಹೇಳಿದ್ದಲ್ಲ ಎಂದುಕೊಂಡುಬಿಡುತ್ತಾರೆ. ಪಾಲಕರೂ ತಲೆಯಾಡಿಸುತ್ತಾರೆ. ಹಾಗೆ ತೀರ್ಮಾನಿಸುವ ಮೊದಲು ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಒಂದೊಂದೇ ಲೆಕ್ಕ ನೋಡುವುದು ಒಳ್ಳೆಯದು. ಸೂತ್ರ ತಪ್ಪಿತೇ, ಇಲ್ಲ ಪ್ರಶ್ನೆಯಲ್ಲಿದ್ದ ಪುಟ್ಟ ಪದ ತಪ್ಪಿತೇ? ಎರಡನೆಯದಾದರೆ ಗುಂಪು ಬದಲಿಸುವ ಅಗತ್ಯವಿಲ್ಲ. ದಿನಕ್ಕೆ ಹತ್ತು ವಾಕ್ಯ ಸಾಕು.